ಲ್ಯಾಪ್‌ಟಾಪ್ ಬಿಸಿ: ಧೂಳು ಹೊಡೆದ ಮೇಲೂ ಇಳಿಯದಿದ್ದರೆ

ಏಪ್ರಿಲ್ ಬಂತೆಂದರೆ ಕೆ.ಆರ್.ಪೇಟೆ ಸೀಮೆಯಲ್ಲಿ ಮಧ್ಯಾಹ್ನದ ಬಿಸಿಲು 35 ಡಿಗ್ರಿ ದಾಟುತ್ತದೆ. ಶೀಳನೆರೆಯಂಥ ಹೋಬಳಿ ಊರಿನಲ್ಲಿ ಶೀಟಿನ ಮಾಡಿನ ಕೆಳಗೆ ಕೂತು ಪಹಣಿ ತೆಗೆದುಕೊಡುವವರ, ಆನ್‌ಲೈನ್ ಅರ್ಜಿ ತುಂಬುವವರ ಲ್ಯಾಪ್‌ಟಾಪ್‌ಗಳು ಆ ಹೊತ್ತಿಗೆ ಭುಸುಗುಡುತ್ತಿರುತ್ತವೆ. ಬಿಚ್ಚಿಸಿ ಧೂಳು ಹೊಡೆಸಿ, ಪ್ರೊಸೆಸರಿನ ಮೇಲೆ ಶಾಖ ದಾಟಿಸಲು ಹಚ್ಚುವ ಪೇಸ್ಟ್ ಬದಲಾಯಿಸಿ ಎನ್ನುತ್ತಾರೆ ರಿಪೇರಿಯವರು. ಮೊದಲು ಮಾಡಬೇಕಾದ ಕೆಲಸ ಅದೇ. ಕಬ್ಬಿನ ತರಗು ಸುಡುವ ಕಾಲದಲ್ಲಿ ಹಾರಿಬರುವ ಮಸಿ ಫ್ಯಾನಿನ ಪಕ್ಕದ ತಗಡಿನ ಸಂದುಗಳಲ್ಲಿ ಕೂತರೆ ಗಾಳಿಗೆ ದಾರಿಯೇ ಇರುವುದಿಲ್ಲ. ಅದಾದ ಮೇಲೂ ಬಿಸಿ ಇಳಿಯಲಿಲ್ಲವೆಂದರೆ, ಅದರಲ್ಲೂ ಯಂತ್ರದಲ್ಲಿರುವುದು ಲಿನಕ್ಸ್ ಆಗಿದ್ದರೆ, ಯಂತ್ರದ ಚಿಪ್ಪುಗಳಲ್ಲೇ ಕೂತ ತಂತ್ರಾಂಶವಾದ ಫರ್ಮ್‌ವೇರ್ ಕಡೆ ನೋಡಬೇಕು.

ಪ್ರೊಸೆಸರ್ ಎಳೆದುಕೊಳ್ಳುವ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಆ ಖರ್ಚಿನ ದೊಡ್ಡ ಪಾಲು ವೇಗದ ಜೊತೆಗೆ ಏರುತ್ತದೆ, ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತದೆ. ವೋಲ್ಟೇಜನ್ನು ಶೇ. 10 ಇಳಿಸಿದರೆ ಈ ಪಾಲು ಶೇ. 19 ಇಳಿಯುತ್ತದೆ. ವೇಗ ತಗ್ಗಿದಾಗ ಕಡಿಮೆ ವೋಲ್ಟೇಜಿನಲ್ಲೂ ಚಿಪ್ ನಡೆಯುವುದರಿಂದ ಸ್ವಲ್ಪ ನಿಧಾನಕ್ಕೆ ಒಪ್ಪಿಕೊಂಡರೆ ಬಹಳಷ್ಟು ಬಿಸಿ ತಗ್ಗುತ್ತದೆ. ಇನ್ನು ಶಾಖ ಹೊರಹೋಗುವುದು ಚಿಪ್ಪಿಗೂ ಕೋಣೆಗೂ ಇರುವ ಉಷ್ಣತೆಯ ಅಂತರದಿಂದ. ಚಿಪ್ 95 ಡಿಗ್ರಿಯಲ್ಲಿದೆ ಎನ್ನಿ. 20 ಡಿಗ್ರಿಯ ತಂಪು ಕೋಣೆಯಲ್ಲಿ ಅಂತರ 75; ನಮ್ಮ 36 ಡಿಗ್ರಿಯ ಕೋಣೆಯಲ್ಲಿ 59. ಅದೇ ಫ್ಯಾನು, ಅದೇ ತಗಡು, ಆದರೂ ಹೊರಹಾಕಬಲ್ಲ ಶಾಖದಲ್ಲಿ ಐದನೆಯ ಒಂದು ಪಾಲು ಖೋತಾ. ಪ್ರೊಸೆಸರ್ ಎಷ್ಟು ವಿದ್ಯುತ್ ಎಳೆಯಬಹುದೆಂದು ತಂಪು ದೇಶಕ್ಕೆ ಸರಿಹೋಗುವಂತೆ ಹಾಕಿದ ಮಿತಿಗಳು ಇಲ್ಲಿ ಹೊಂದದಿರುವುದು ಇದರಿಂದಲೇ.

ಈ ಮಿತಿಗಳನ್ನು ಹಾಕುವುದೇ ಫರ್ಮ್‌ವೇರ್. ಮದರ್‌ಬೋರ್ಡಿನ ಪುಟ್ಟ ಚಿಪ್ಪಿನಲ್ಲಿ ಕೂತ ಬಯಾಸ್ ಕಂಪ್ಯೂಟರನ್ನು ಎಬ್ಬಿಸುವಾಗಲೇ ಪ್ರೊಸೆಸರಿಗೆ ನಿರಂತರವಾಗಿ ಎಷ್ಟು ವಾಟ್, ಕೆಲವು ಸೆಕೆಂಡಿನ ಓಟಕ್ಕೆ ಎಷ್ಟು ವಾಟ್ ಎಂದು ಬರೆದಿಡುತ್ತದೆ. ಎಂಬೆಡೆಡ್ ಕಂಟ್ರೋಲರ್ ಎಂಬ ಇನ್ನೊಂದು ಚಿಪ್ ಕೀಬೋರ್ಡು, ಬ್ಯಾಟರಿಗಳ ಜೊತೆಗೆ ಫ್ಯಾನನ್ನೂ ನೋಡಿಕೊಳ್ಳುತ್ತದೆ. ನಾಲೆಯ ತೂಬಿನ ಮೇಲೆ ಕೂತ ನೀರುಗಂಟಿಯಂತೆ, ಯಾವಾಗ ಎಷ್ಟು ಬಿಡಬೇಕೆಂಬ ತೀರ್ಮಾನ ಇವರದು. ಆಪರೇಟಿಂಗ್ ಸಿಸ್ಟಮ್ ಇವರೊಡನೆ ಮಾತಾಡಲು 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಎಸಿಪಿಐ ಎಂಬ ಒಡಂಬಡಿಕೆ ಮಾಡಿದವು. ಫರ್ಮ್‌ವೇರ್ ಕೆಲವು ಕೋಷ್ಟಕಗಳನ್ನು ಕೊಡುತ್ತದೆ. ಉಷ್ಣತೆ ಎಷ್ಟಾದಾಗ ವೇಗ ತಗ್ಗಿಸಬೇಕು, ಎಷ್ಟಾದಾಗ ಯಂತ್ರವನ್ನೇ ನಿಲ್ಲಿಸಬೇಕು ಎಂಬುದು ಅದರಲ್ಲಿರುತ್ತದೆ. ಅಲ್ಲಿನ ಲೆಕ್ಕ ಕೆಲ್ವಿನ್ನಿನ ಹತ್ತನೆಯ ಒಂದು ಪಾಲಿನಲ್ಲಿ: 3182 ಎಂದಿದ್ದರೆ 45 ಡಿಗ್ರಿ ಸೆಲ್ಸಿಯಸ್.

ಒಡಂಬಡಿಕೆ ಚೆನ್ನಾಗಿದೆ. ತೊಂದರೆ ಬರುವುದು, ತಯಾರಕರು ಆ ಕೋಷ್ಟಕಗಳನ್ನು ಬಹುತೇಕ ವಿಂಡೋಸ್ ಮೇಲಷ್ಟೇ ಪರೀಕ್ಷಿಸುವುದರಿಂದ. ‘ನೀನು ಇಂಥ ಸಿಸ್ಟಮ್ಮೇ?’ ಎಂದು ಫರ್ಮ್‌ವೇರ್ ಹೆಸರು ಹಿಡಿದು ಕೇಳಬಲ್ಲದು. 2007ರಿಂದೀಚೆಗೆ ಲಿನಕ್ಸಿನ ತಿರುಳಾದ ಕರ್ನೆಲ್ ಆ ಪ್ರಶ್ನೆಗೆ ‘ವಿಂಡೋಸ್’ ಎಂಬುದಕ್ಕೇ ಹೂಂ ಎನ್ನುತ್ತ ಬಂದಿದೆ, ‘ಲಿನಕ್ಸ್’ ಎಂಬುದಕ್ಕೆ ಅಲ್ಲ. ‘ಲಿನಕ್ಸ್’ಗೆ ಹೂಂ ಎಂದರೆ ಯಾರೂ ನಡೆದು ನೋಡದ ದಾರಿಗೆ ಬೀಳುವ ಭಯ. ‘ವಿಂಡೋಸ್’ಗೆ ಹೂಂ ಎಂದರೆ, ವಿಂಡೋಸಿನ ಡ್ರೈವರ್ ಬಂದು ಉಳಿದ ಕೆಲಸ ಮಾಡುತ್ತದೆಂದು ಫರ್ಮ್‌ವೇರ್ ನೆಚ್ಚಿ ಕೂರುತ್ತದೆ. ಆ ಡ್ರೈವರ್ ಲಿನಕ್ಸಿನಲ್ಲಿ ಇರುವುದಿಲ್ಲ.

ಲೆನೊವೊ ಕಂಪನಿಯ 2018ರ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಲ್ಯಾಪ್‌ಟಾಪಿನಲ್ಲಿ ಆದದ್ದು ಇದೇ. ಲಿನಕ್ಸ್ ಹಾಕಿದಾಗ ಪ್ರೊಸೆಸರ್ ಸುಮಾರು 80 ಡಿಗ್ರಿಗೇ ಕುಗ್ಗಿಬಿಡುತ್ತಿತ್ತು. ಮಿತಿಯನ್ನು ಮೇಲೇರಿಸುವ ತಂತ್ರಾಂಶ ವಿಂಡೋಸಿನ ಕಡೆ ಮಾತ್ರ ಇತ್ತು. ‘ಎಸ್3’ ಎಂಬ ಗಾಢ ನಿದ್ದೆಯನ್ನೂ ಫರ್ಮ್‌ವೇರ್ ಕೈಬಿಟ್ಟಿತ್ತು. ಮುಚ್ಚಿಟ್ಟ ಲ್ಯಾಪ್‌ಟಾಪ್ ಅರೆನಿದ್ದೆಯಲ್ಲೇ ಉಳಿದು ಬ್ಯಾಟರಿ ತಿನ್ನುತ್ತಿತ್ತು. ಬಳಕೆದಾರರು ಎಸಿಪಿಐ ಕೋಷ್ಟಕವನ್ನು ಹೊರತೆಗೆದು, ಓದಿ, ತಿದ್ದಿ, ಕರ್ನೆಲ್ಲಿಗೆ ತಿದ್ದಿದ ಪ್ರತಿಯನ್ನೇ ಕೊಟ್ಟರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲೆನೊವೊ ಹೊಸ ಬಯಾಸ್ ಬಿಟ್ಟಿತು. ನಿದ್ದೆಯ ಆಯ್ಕೆಯಲ್ಲಿ ‘ಲಿನಕ್ಸ್’ ಎಂಬ ಸಾಲು ಸೇರಿತ್ತು. ಯಂತ್ರದ ಒಳಗುಟ್ಟು ಓದಲು ಸಿಕ್ಕರೆ ಜನ ಏನು ಮಾಡಬಲ್ಲರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮ ನಿಮ್ಮ ಲ್ಯಾಪ್‌ಟಾಪಿಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಲಿನಕ್ಸಿನಲ್ಲಿ ‘ಸಿಸ್’ ಫೋಲ್ಡರಿನ ಒಳಗೆ ‘ಕ್ಲಾಸ್’, ಅದರೊಳಗೆ ‘ಥರ್ಮಲ್’ ಇದೆ; ಅಲ್ಲಿನ ಫೈಲು 62000 ಎಂದರೆ 62 ಡಿಗ್ರಿ. ಏನೂ ಕೆಲಸವಿಲ್ಲದಾಗಲೂ ಅದು ಮೇಲೇ ಇದ್ದರೆ ‘ಪವರ್‌ಟಾಪ್’ ಓಡಿಸಿ ನೋಡಿ, ಪ್ರೊಸೆಸರನ್ನು ಮಲಗಗೊಡದೆ ಎಬ್ಬಿಸುತ್ತಿರುವವರು ಯಾರೆಂದು ಅದು ಹೇಳುತ್ತದೆ. ಸೆಟ್ಟಿಂಗ್ಸಿನಲ್ಲಿ ‘ಪವರ್ ಸೇವರ್’ ಆರಿಸಿ. 2021ರ 5.12 ಆವೃತ್ತಿಯಿಂದ ಕರ್ನೆಲ್ ಈ ಆಯ್ಕೆಯನ್ನು, ಒಪ್ಪುವ ಯಂತ್ರಗಳಲ್ಲಿ, ಫರ್ಮ್‌ವೇರಿಗೇ ತಲುಪಿಸುತ್ತದೆ. ಇಂಟೆಲ್ ಪ್ರೊಸೆಸರ್ ಇದ್ದರೆ ವಾಟ್ ಮಿತಿಯನ್ನು ಕೈಯಾರೆ 15ರಿಂದ 12ಕ್ಕೆ ಇಳಿಸಲೂಬಹುದು, ಅರ್ಜಿ ತುಂಬುವ ಕೆಲಸಕ್ಕೆ ಅದು ಧಾರಾಳ ಸಾಕು. ಮಿತಿ ಏರಿಸುವ ಉಪಾಯಗಳೂ ಚಾಲ್ತಿಯಲ್ಲಿವೆ. ನಮ್ಮ ಬೇಸಿಗೆಯಲ್ಲಿ ಅವುಗಳ ತಂಟೆ ಬೇಡ.

ಬಯಾಸ್ ಅಪ್‌ಡೇಟ್ ಮಾತ್ರ ಎಚ್ಚರದಿಂದ. ಅದು ನಡುವೆ ನಿಂತರೆ ಯಂತ್ರ ಮತ್ತೆ ಏಳದೇ ಹೋಗಬಹುದು. ಹಳ್ಳಿಯ ಕರೆಂಟನ್ನು ನಂಬಿ ಶುರುಮಾಡಬಾರದು. ಬ್ಯಾಟರಿ ತುಂಬಿರಬೇಕು, ಚಾರ್ಜರೂ ಚುಚ್ಚಿರಬೇಕು.

ಇಷ್ಟೆಲ್ಲ ಮಾಡಿಯೂ ಬಿಸಿ ಇಳಿಯದಿದ್ದರೆ ಕರ್ನೆಲ್ ಬರೆಯುವವರಿಗೆ ವರದಿ ಕಳಿಸಬಹುದು, ಅದರ ಲಾಭ ಒಬ್ಬರಿಗಷ್ಟೇ ಅಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಂಪ್ಯೂಟರ್ ಕಲಿಯುವುದೇ ಗ್ನೂ ಲಿನಕ್ಸಿನ ಮೇಲೆ. ಶಾಲೆಗಳ ಕಂಪ್ಯೂಟರ್ ಶಿಕ್ಷಣ ನೋಡಿಕೊಳ್ಳುವ ಕೇರಳದ ಕೈಟ್ ಸಂಸ್ಥೆಯ ಹೈಟೆಕ್ ಶಾಲೆ ಯೋಜನೆ 45,000 ತರಗತಿಗಳಿಗೆ ಲ್ಯಾಪ್‌ಟಾಪ್ ತಲುಪಿಸಿತು. ಇಷ್ಟು ದೊಡ್ಡ ಬಳಕೆಯಲ್ಲಿ ಒಂದು ಮಾದರಿಯ ಕಾಯಿಲೆಗೆ ಕರ್ನೆಲ್ಲಿನಲ್ಲಿ ಮದ್ದು ಸೇರಿದರೆ, ಮುಂದಿನ ಅಪ್‌ಡೇಟಿನಲ್ಲಿ ಅದು ಆ ಮಾದರಿಯ ಎಲ್ಲ ಯಂತ್ರಗಳಿಗೂ ಹೋಗುತ್ತದೆ. ಕರ್ನೆಲ್ಲಿನ ಒಳಗೆ ಇಂಥ ಪಟ್ಟಿಗಳೇ ಇವೆ: ಕಂಪನಿಯ ಹೆಸರು, ಮಾದರಿಯ ಹೆಸರು, ಅದರ ಫರ್ಮ್‌ವೇರಿನ ತಪ್ಪನ್ನು ಸರಿದೂಗಿಸುವ ಸಣ್ಣ ತಿದ್ದುಪಡಿ. ಎಷ್ಟೋ ಸಾಲುಗಳ ಹಿಂದೆ ಕೂತು ವರದಿ ಬರೆದ ಬಳಕೆದಾರರಿದ್ದಾರೆ. ಶೀಳನೆರೆಯಿಂದ ಬರೆಯುವವರು ಮಾದರಿಯ ಹೆಸರು, ಬಯಾಸ್ ಆವೃತ್ತಿ, ಕರ್ನೆಲ್ ಆವೃತ್ತಿ, ಎಸಿಪಿಐ ಕೋಷ್ಟಕದ ಪ್ರತಿ, ಇವಿಷ್ಟನ್ನು ಜೊತೆಗಿಟ್ಟು, ಕೋಣೆಯ ಉಷ್ಣತೆ ಎಷ್ಟಿತ್ತೆಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಲಿ.