ನಾಯಿ ವಿಷ ತಿಂದಿರಬಹುದೇ? ಉಪ್ಪುನೀರು ಕುಡಿಸುವ ಮೊದಲು ಇದನ್ನು ಓದಿ

ಕೆಲಸ ಮುಗಿಸಿ ಬಂದು ಬಾಗಿಲು ತೆರೆದರೆ ಅಡುಗೆಮನೆಯ ನೆಲದ ಮೇಲೆ ಇಲಿ ಪಾಷಾಣದ ಹರಿದ ಪೊಟ್ಟಣ ಬಿದ್ದಿದೆ. ಪಕ್ಕದಲ್ಲೇ ನಾಯಿ ಬಾಲ ಅಲ್ಲಾಡಿಸುತ್ತ ನಿಂತಿದೆ. ಎಷ್ಟು ತಿಂದಿದೆ, ನಿಜಕ್ಕೂ ತಿಂದಿದೆಯೇ ಎಂಬುದು ಯಾರಿಗೂ ಗೊತ್ತಿಲ್ಲ. ಇಂತಹ ಹೊತ್ತಿನಲ್ಲಿ ಕೆಲವರು "ಚೆನ್ನಾಗಿಯೇ ಇದೆಯಲ್ಲ, ಬೆಳಿಗ್ಗೆ ನೋಡೋಣ" ಎಂದು ಸುಮ್ಮನಾಗುತ್ತಾರೆ. ಇನ್ನು ಕೆಲವರು ಗಾಬರಿಯಲ್ಲಿ ಉಪ್ಪುನೀರು, ಹಾಲು, ಮೊಟ್ಟೆ ಎಂದು ಕೈಗೆ ಸಿಕ್ಕಿದ್ದನ್ನು ಕುಡಿಸುತ್ತಾರೆ. ಎರಡೂ ನಾಯಿಯ ಪ್ರಾಣಕ್ಕೆ ಕುತ್ತು ತರಬಹುದು. ಹಾಗಾದರೆ ಏನು ಮಾಡಬೇಕು? ಇಲ್ಲಿದೆ ವಿವರ.

ಲಕ್ಷಣ ಕಾಣುವವರೆಗೆ ಏಕೆ ಕಾಯಬಾರದು?

ನಾಯಿ ನುಂಗಿದ್ದು ಸ್ವಲ್ಪ ಹೊತ್ತು ಜಠರದಲ್ಲೇ ಇರುತ್ತದೆ. ನಂತರ ಕರುಳಿಗೆ ಇಳಿದು ರಕ್ತಕ್ಕೆ ಸೇರುತ್ತದೆ. ಜಠರದಲ್ಲಿರುವಾಗಲೇ ಆಸ್ಪತ್ರೆ ತಲುಪಿದರೆ ವೈದ್ಯರು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿ ವಿಷವನ್ನು ಹೊರಹಾಕಬಹುದು. ಈ ಅವಕಾಶ ಸಾಮಾನ್ಯವಾಗಿ ತಿಂದ ಮೊದಲ ಎರಡು ಗಂಟೆಗಳಷ್ಟೇ. ಅದು ಮೀರಿದರೆ ಚಿಕಿತ್ಸೆ ದೀರ್ಘವಾಗುತ್ತದೆ, ಖರ್ಚೂ ಹೆಚ್ಚುತ್ತದೆ.

ಹಲವು ವಿಷಗಳು ಲಕ್ಷಣ ತೋರಿಸುವುದೇ ತಡವಾಗಿ. ಈರುಳ್ಳಿಯಿಂದ ಆಗುವ ರಕ್ತಹೀನತೆ ಗೊತ್ತಾಗಲು ಕೆಲವು ದಿನಗಳು ಬೇಕು. ಒಂದು ಬಗೆಯ ಇಲಿ ಪಾಷಾಣ ತಿಂದ ನಾಯಿ ಮೂರು–ನಾಲ್ಕು ದಿನ ಆಡಿಕೊಂಡೇ ಇರುತ್ತದೆ. ಆದ್ದರಿಂದ ನಾಯಿ ಲವಲವಿಕೆಯಿಂದಿದೆ ಎಂಬ ಕಾರಣಕ್ಕೆ ಅಪಾಯವಿಲ್ಲ ಎಂದುಕೊಳ್ಳುವಂತಿಲ್ಲ.

ಮೊದಲ ಐದು ನಿಮಿಷದಲ್ಲಿ ಏನು ಮಾಡಬೇಕು?

ಮೊದಲು ನಾಯಿಯನ್ನು ಆ ಜಾಗದಿಂದ ದೂರ ಕರೆದೊಯ್ಯಿರಿ. ಬಾಯಲ್ಲಿ ಇನ್ನೂ ಏನಾದರೂ ಉಳಿದಿದ್ದರೆ, ಕಚ್ಚುವ ಅಪಾಯವಿಲ್ಲ ಎನಿಸಿದರೆ ಮಾತ್ರ ತೆಗೆಯಿರಿ. ಮನೆಯಲ್ಲಿ ಬೇರೆ ನಾಯಿ, ಬೆಕ್ಕು ಅಥವಾ ಚಿಕ್ಕ ಮಕ್ಕಳಿದ್ದರೆ ಅವರನ್ನೂ ದೂರವಿಡಿ. ಎರಡು ನಾಯಿಗಳಿದ್ದು ಯಾವುದು ತಿಂದಿದೆ ಎಂಬುದು ಖಚಿತವಿಲ್ಲದಿದ್ದರೆ ಎರಡೂ ತಿಂದಿವೆ ಎಂದೇ ತಿಳಿಯಿರಿ.

ನಂತರ ಈ ನಾಲ್ಕು ವಿಷಯಗಳನ್ನು ಗುರುತು ಹಾಕಿಕೊಂಡು ಪಶುವೈದ್ಯರಿಗೆ ಕರೆ ಮಾಡಿ:

1. ಏನು ತಿಂದಿದೆ? ಪೊಟ್ಟಣದ ಮೇಲಿನ ಹೆಸರಿನ ಜೊತೆಗೆ ಸಣ್ಣ ಅಕ್ಷರದಲ್ಲಿರುವ ರಾಸಾಯನಿಕದ ಹೆಸರು ಓದಿ ಹೇಳಿ.
2. ಎಷ್ಟು ತಿಂದಿರಬಹುದು? ಉಳಿದಿರುವುದನ್ನು ಎಣಿಸಿ ಅಥವಾ ಅಂದಾಜಿಸಿ. ಖಚಿತವಿಲ್ಲದಿದ್ದರೆ ಹೆಚ್ಚಿನ ಲೆಕ್ಕವನ್ನೇ ಹೇಳಿ.
3. ಯಾವಾಗ ತಿಂದಿರಬಹುದು? ನಾಯಿಯನ್ನು ಕೊನೆಯ ಬಾರಿ ಸರಿಯಾಗಿ ನೋಡಿದ್ದು ಎಷ್ಟು ಗಂಟೆಗೆ ಎಂಬುದೂ ಉಪಯೋಗಕ್ಕೆ ಬರುತ್ತದೆ.
4. ನಾಯಿಯ ತೂಕ ಎಷ್ಟು? ಅಪಾಯದ ಲೆಕ್ಕಾಚಾರವೆಲ್ಲ ತೂಕದ ಮೇಲೆಯೇ ನಡೆಯುತ್ತದೆ.

ಪೊಟ್ಟಣ, ಉಳಿದ ಚೂರು, ಮಾತ್ರೆಯ ಖಾಲಿ ಸ್ಟ್ರಿಪ್ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ. ನಾಯಿ ವಾಂತಿ ಮಾಡಿದ್ದರೆ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಹೊರ ರಾಜ್ಯದ ನಗರಗಳಲ್ಲಿರುವ ಕನ್ನಡಿಗರಿಗೆ ಗಾಬರಿಯಲ್ಲಿ ಮರಾಠಿ, ತಮಿಳು ಅಥವಾ ಹಿಂದಿಯಲ್ಲಿ ವಿವರಿಸುವುದು ಕಷ್ಟವಾಗಬಹುದು. ಆಗ ಪೊಟ್ಟಣದ ಎರಡೂ ಬದಿಯ ಫೋಟೊ ವಾಟ್ಸ್ಆ್ಯಪ್ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಆದರೆ ನಾಯಿಗೆ ಫಿಟ್ಸ್ ಬಂದಿದ್ದರೆ, ಉಸಿರಾಟಕ್ಕೆ ಕಷ್ಟಪಡುತ್ತಿದ್ದರೆ, ನಿಲ್ಲಲಾಗದೆ ಕುಸಿದಿದ್ದರೆ ಅಥವಾ ತುಟಿ ಎತ್ತಿ ನೋಡಿದಾಗ ಒಸಡು ಬಿಳಿಚಿಕೊಂಡೋ ನೀಲಿಯಾಗಿಯೋ ಇದ್ದರೆ ಈ ಪ್ರಶ್ನೆಗಳಿಗೆ ಮನೆಯಲ್ಲಿ ಕುಳಿತು ಉತ್ತರ ಹುಡುಕಬೇಡಿ. ತಕ್ಷಣ ಹೊರಡಿ, ದಾರಿಯಲ್ಲಿ ಕರೆ ಮಾಡಿ.

ಮನೆಯಲ್ಲಿ ವಾಂತಿ ಮಾಡಿಸಬೇಡಿ

ಉಪ್ಪುನೀರು ಕುಡಿಸಿದರೆ ವಾಂತಿಯಾಗುತ್ತದೆ ಎಂಬುದು ಹಳೆಯ ನಂಬಿಕೆ. ವಾಂತಿ ಆಗದಿದ್ದರೆ ಆ ಉಪ್ಪೇ ವಿಷವಾಗುತ್ತದೆ. ದೇಹದ ತೂಕದ ಪ್ರತಿ ಕೆ.ಜಿ.ಗೆ 2ರಿಂದ 3 ಗ್ರಾಂ ಉಪ್ಪು ಹೊಟ್ಟೆ ಸೇರಿದರೆ ನಾಯಿಯಲ್ಲಿ ವಿಷದ ಲಕ್ಷಣ ಕಾಣಬಹುದು, ಸುಮಾರು 4 ಗ್ರಾಂ ಆದರೆ ಪ್ರಾಣವೇ ಹೋಗಬಹುದು. ಒಂದು ದೊಡ್ಡ ಚಮಚದಲ್ಲಿ ಹಿಡಿಯುವ ಉಪ್ಪು ಹತ್ತಿರ ಹತ್ತಿರ 18 ಗ್ರಾಂ. ಅಂದರೆ 5 ಕೆ.ಜಿ. ತೂಗುವ ಪೊಮೆರೇನಿಯನ್‌ಗೆ ಒಂದೇ ಚಮಚ ಅಪಾಯದ ಗಡಿ ದಾಟಿಸುತ್ತದೆ. ಗಂಟಲಿಗೆ ಬೆರಳು ಹಾಕುವುದರಿಂದ ಗಾಯವಾಗುತ್ತದೆ, ನಾಯಿ ಕಚ್ಚುವ ಸಾಧ್ಯತೆಯೂ ಇದೆ.

ಕೆಲವು ಸಂದರ್ಭಗಳಲ್ಲಿ ವಾಂತಿಯೇ ಹೆಚ್ಚು ಹಾನಿ ಮಾಡುತ್ತದೆ. ಟಾಯ್ಲೆಟ್ ಕ್ಲೀನರ್, ಆ್ಯಸಿಡ್‌ನಂತಹವು ಇಳಿಯುವಾಗ ಅನ್ನನಾಳವನ್ನು ಸುಟ್ಟಿರುತ್ತವೆ. ಮೇಲೆ ಬರುವಾಗ ಮತ್ತೊಮ್ಮೆ ಸುಡುತ್ತವೆ. ಸೀಮೆಎಣ್ಣೆ, ಪೆಟ್ರೋಲ್ ವಾಂತಿಯ ಹೊತ್ತಿನಲ್ಲಿ ಶ್ವಾಸಕೋಶಕ್ಕೆ ನುಗ್ಗಬಹುದು. ಸೂಜಿ, ಬ್ಲೇಡ್ ಚೂರು, ಮೂಳೆ ನುಂಗಿದ್ದರೂ ಇದೇ ಮಾತು. ಪ್ರಜ್ಞೆ ಮಂಕಾದ ನಾಯಿಗೂ, ಚಪ್ಪಟೆ ಮೂತಿಯ ಪಗ್‌ನಂತಹ ತಳಿಗಳಿಗೂ ವಾಂತಿ ಶ್ವಾಸನಾಳಕ್ಕೆ ಹೋಗುವ ಅಪಾಯ ಹೆಚ್ಚು. ಹೀಗಾಗಿ ವಾಂತಿ ಮಾಡಿಸಬೇಕೇ ಬೇಡವೇ ಎಂಬ ನಿರ್ಧಾರ ವೈದ್ಯರದ್ದೇ ಆಗಿರಲಿ.

ಇಲಿ ಪಾಷಾಣ: ಯಾವ ಬಗೆಯದು ಎಂಬುದು ಮುಖ್ಯ

ನಮ್ಮಲ್ಲಿ ಮಾರಾಟವಾಗುವ ಇಲಿ ಪಾಷಾಣಗಳಲ್ಲಿ ಮುಖ್ಯವಾಗಿ ಎರಡು ಬಗೆಯವು ತಿಳಿದಿರಬೇಕು. ಎರಡೂ ಕೆಲಸ ಮಾಡುವ ರೀತಿ ಬೇರೆ ಬೇರೆ.

ಬ್ರೊಮಾಡಿಯೋಲೋನ್ ಇರುವ ಬಿಲ್ಲೆಗಳು ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಮರುಬಳಕೆಯಾಗದಂತೆ ತಡೆಯುತ್ತವೆ. ದೇಹದಲ್ಲಿ ಆಗಲೇ ಇರುವ ಹೆಪ್ಪುಗಟ್ಟಿಸುವ ಅಂಶಗಳು ಮುಗಿಯುವವರೆಗೆ ನಾಯಿ ಆರೋಗ್ಯವಾಗಿಯೇ ಕಾಣುತ್ತದೆ. ಮೂರರಿಂದ ಐದು ದಿನಗಳ ಬಳಿಕ ಸುಸ್ತು, ಏದುಸಿರು, ಮೂಗು ಅಥವಾ ಒಸಡಿನಲ್ಲಿ ರಕ್ತ ಕಾಣಿಸಿಕೊಳ್ಳುತ್ತದೆ. ಎಷ್ಟೋ ಬಾರಿ ರಕ್ತಸ್ರಾವ ಎದೆಗೂಡಿನೊಳಗೇ ಆಗಿ ಹೊರಗೆ ಏನೂ ಕಾಣುವುದಿಲ್ಲ. ಸಮಾಧಾನದ ಸಂಗತಿ ಎಂದರೆ ಇದಕ್ಕೆ ಮದ್ದಿದೆ. ಬೇಗ ಹೋದರೆ ವಿಟಮಿನ್ ಕೆ1 ಚಿಕಿತ್ಸೆಯಿಂದ ನಾಯಿ ಉಳಿಯುತ್ತದೆ. ಈ ಔಷಧಿಯನ್ನು ಮೂರು–ನಾಲ್ಕು ವಾರ ಕೊಡಬೇಕಾಗಬಹುದು. ನಾಯಿ ಸುಧಾರಿಸಿತೆಂದು ನಡುವೆ ನಿಲ್ಲಿಸಿದರೆ ಮತ್ತೆ ರಕ್ತಸ್ರಾವ ಶುರುವಾಗಬಹುದು.

ಝಿಂಕ್ ಫಾಸ್ಫೈಡ್ ಎಂಬ ಕಪ್ಪು–ಬೂದು ಬಣ್ಣದ ಪುಡಿ ಇದಕ್ಕಿಂತ ತೀವ್ರ. ಇದು ಜಠರದ ಆಮ್ಲದೊಂದಿಗೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ವಾಂತಿ, ಏದುಸಿರು, ನಡುಕ, ಫಿಟ್ಸ್ ಬರಬಹುದು. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಹೊಟ್ಟೆಗೆ ಆಹಾರ ಬಿದ್ದರೆ ಆಮ್ಲ ಹೆಚ್ಚು ಸ್ರವಿಸಿ ಅನಿಲವೂ ಹೆಚ್ಚು ಉತ್ಪತ್ತಿಯಾಗುತ್ತದೆ. ಹೀಗಾಗಿ ಪಾಷಾಣ ತಿಂದ ನಾಯಿಗೆ "ಹೊಟ್ಟೆ ತಣ್ಣಗಾಗಲಿ" ಎಂದು ಹಾಲು–ಅನ್ನ ಹಾಕಬಾರದು.

ಈ ನಾಯಿಯ ವಾಂತಿಯಿಂದ ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂತಹ ವಾಸನೆ ಬರಬಹುದು. ಆ ಅನಿಲ ಮನುಷ್ಯರಿಗೂ ಅಪಾಯಕಾರಿ. ಆಟೊ ಅಥವಾ ಕಾರಿನಲ್ಲಿ ಕರೆದೊಯ್ಯುವಾಗ ಕಿಟಕಿಗಳನ್ನು ತೆರೆದಿಡಿ.

ಅಡುಗೆಮನೆಯಲ್ಲಿರುವ ಅಪಾಯಗಳು

ಚಾಕೊಲೇಟ್: ಇದರಲ್ಲಿರುವ ಥಿಯೋಬ್ರೋಮಿನ್ ಅನ್ನು ನಾಯಿಯ ದೇಹ ಬಹಳ ನಿಧಾನವಾಗಿ ಹೊರಹಾಕುತ್ತದೆ. ಪ್ರತಿ ಕೆ.ಜಿ. ತೂಕಕ್ಕೆ ಸುಮಾರು 20 ಮಿಲಿಗ್ರಾಂ ಆದರೆ ವಾಂತಿ, ಚಡಪಡಿಕೆ. 40ರಿಂದ 50 ಆದರೆ ಹೃದಯಬಡಿತದಲ್ಲಿ ಏರುಪೇರು. 60 ದಾಟಿದರೆ ಫಿಟ್ಸ್ ಬರಬಹುದು. ಒಂದು ಗ್ರಾಂ ಮಿಲ್ಕ್ ಚಾಕೊಲೇಟ್‌ನಲ್ಲಿ ಸುಮಾರು 2 ಮಿಲಿಗ್ರಾಂ ಇರುತ್ತದೆ. 10 ಕೆ.ಜಿ. ನಾಯಿ 40 ಗ್ರಾಂ ತಿಂದರೆ ಪ್ರತಿ ಕೆ.ಜಿ.ಗೆ 8 ಮಿಲಿಗ್ರಾಂ ಆಯಿತು, ದೊಡ್ಡ ಅಪಾಯವಿಲ್ಲ. ಅದೇ ನಾಯಿ ಕೇಕ್‌ಗೆಂದು ತಂದ 40 ಗ್ರಾಂ ಕೋಕೊ ಪುಡಿ ತಿಂದರೆ ಲೆಕ್ಕ ಹತ್ತು ಪಟ್ಟಿಗೂ ಹೆಚ್ಚಾಗಿ ಫಿಟ್ಸ್‌ನ ಗಡಿ ದಾಟುತ್ತದೆ. "ಚಾಕೊಲೇಟ್ ತಿಂದಿದೆ" ಎಂದರೆ ಸಾಲದು, ಯಾವ ಚಾಕೊಲೇಟ್, ಎಷ್ಟು ಗ್ರಾಂ ಎಂದು ಹೇಳಬೇಕು.

ದ್ರಾಕ್ಷಿ, ಒಣದ್ರಾಕ್ಷಿ, ಹುಣಸೆ: ದ್ರಾಕ್ಷಿ ತಿಂದ ಕೆಲವು ನಾಯಿಗಳಿಗೆ ಒಂದರಿಂದ ಮೂರು ದಿನಗಳಲ್ಲಿ ಕಿಡ್ನಿ ಕೈಕೊಡುತ್ತದೆ. ಎಷ್ಟು ತಿಂದರೆ ಸುರಕ್ಷಿತ ಎಂಬ ಮಿತಿ ಇಲ್ಲ. ಇದಕ್ಕೆ ಟಾರ್ಟಾರಿಕ್ ಆಮ್ಲವೇ ಕಾರಣವಿರಬಹುದು ಎಂದು ಅಮೆರಿಕದ ಪಶುವೈದ್ಯರು 2021ರಲ್ಲಿ ಹೇಳಿದರು. ಇದೇ ಆಮ್ಲ ಹೇರಳವಾಗಿರುವ ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಇಂತಹ ಕಿಡ್ನಿ ತೊಂದರೆ ದಾಖಲಾಗಿದೆ. ಪಾಯಸದ ಒಣದ್ರಾಕ್ಷಿಯ ಜೊತೆಗೆ ಹುಣಸೆ ಡಬ್ಬಿಯನ್ನೂ ನಾಯಿಗೆ ಎಟುಕದಂತೆ ಇಡುವುದು ಒಳ್ಳೆಯದು.

ಈರುಳ್ಳಿ, ಬೆಳ್ಳುಳ್ಳಿ: ಹಸಿಯಾಗಿರಲಿ, ಬೇಯಿಸಿದ್ದಿರಲಿ, ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಕೆಲವು ದಿನಗಳ ನಂತರ ಸುಸ್ತು, ಬಿಳಿಚಿದ ಒಸಡು, ಗಾಢ ಬಣ್ಣದ ಮೂತ್ರ ಕಾಣಬಹುದು.

ಕ್ಸೈಲಿಟಾಲ್: ಕೆಲವು ಶುಗರ್‌ಫ್ರೀ ಚೂಯಿಂಗ್ ಗಮ್‌ಗಳಲ್ಲಿರುವ ಸಿಹಿಕಾರಕ ಇದು. ನಾಯಿಯ ದೇಹದಲ್ಲಿ ಒಮ್ಮೆಲೇ ಇನ್ಸುಲಿನ್ ಬಿಡುಗಡೆಯಾಗಿ ಅರ್ಧ–ಒಂದು ಗಂಟೆಯಲ್ಲೇ ಸಕ್ಕರೆ ಅಂಶ ಕುಸಿಯಬಹುದು. ಪ್ರಮಾಣ ಹೆಚ್ಚಾದರೆ ಲಿವರ್‌ಗೂ ಹಾನಿ.

ನಮ್ಮ ಮಾತ್ರೆ ನಾಯಿಗೆ ವಿಷ

ಮನುಷ್ಯರಿಗೆ ಕೊಡುವ ಐಬುಪ್ರೊಫೇನ್ ನಾಯಿಯ ಜಠರದಲ್ಲಿ ಹುಣ್ಣು ಮಾಡಿ ಕಿಡ್ನಿಗೂ ಪೆಟ್ಟು ಕೊಡುತ್ತದೆ. ಪ್ಯಾರಾಸಿಟಮಾಲ್ ಲಿವರ್‌ಗೆ ಹಾನಿ ಮಾಡುತ್ತದೆ. ಬೆಕ್ಕುಗಳಿಗಂತೂ ಒಂದು ಮಾತ್ರೆಯೂ ಮಾರಕವಾಗಬಹುದು. ನಾಯಿಗೆ ಜ್ವರ ಬಂದಂತಿದೆ ಎಂದು ಮನೆಯವರೇ ಮಾತ್ರೆ ಕೊಟ್ಟಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬೇಡಿ. ಬಿಪಿ, ಶುಗರ್, ನಿದ್ದೆ ಮಾತ್ರೆ ನುಂಗಿದ್ದರೂ ಸ್ಟ್ರಿಪ್‌ನಲ್ಲಿ ಎಷ್ಟು ಖಾಲಿಯಾಗಿವೆ ಎಂದು ಎಣಿಸಿ ಹೇಳಿ.

ಸಾಕ್ಸ್, ಮಾವಿನ ಗೊರಟೆ, ಬಟನ್ ಸೆಲ್ ನುಂಗಿದ್ದರೆ?

ವಿಷವಲ್ಲದ ವಸ್ತುಗಳೂ ಪ್ರಾಣ ತೆಗೆಯಬಹುದು. ಮಾವಿನ ಗೊರಟೆ, ಮೆಕ್ಕೆಜೋಳದ ದಿಂಡು, ಸಾಕ್ಸ್, ರಬ್ಬರ್ ಆಟಿಕೆಯ ಚೂರು ಕರುಳಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಒಡೆದು ಚುಚ್ಚಬಹುದು. ಮತ್ತೆ ಮತ್ತೆ ವಾಂತಿ, ಊಟ ಬಿಡುವುದು, ಬೆನ್ನು ಬಾಗಿಸಿ ನಿಲ್ಲುವುದು, ಮಲವಿಸರ್ಜನೆ ನಿಲ್ಲುವುದು ಇದರ ಲಕ್ಷಣ. ಎಕ್ಸ್-ರೇ ಅಥವಾ ಸ್ಕ್ಯಾನಿಂಗ್ ಮಾಡಿ ಎಂಡೋಸ್ಕೋಪಿ ಅಥವಾ ಶಸ್ತ್ರಚಿಕಿತ್ಸೆ ಮೂಲಕ ತೆಗೆಯಬೇಕಾಗುತ್ತದೆ. ಬಟನ್ ಸೆಲ್ ಒಳಗಿನ ಪದರವನ್ನು ಬೇಗ ಸುಡುವುದರಿಂದ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಬಾಯಿ ಅಥವಾ ಗುದದ್ವಾರದಿಂದ ದಾರ ನೇತಾಡುತ್ತಿದ್ದರೆ ಎಳೆಯಬೇಡಿ. ಇನ್ನೊಂದು ತುದಿ ಒಳಗೆಲ್ಲೋ ಸಿಕ್ಕಿಕೊಂಡಿದ್ದರೆ ಕರುಳೇ ಕತ್ತರಿಸಬಹುದು.

ಗಂಟಲಿಗೆ ಏನಾದರೂ ಸಿಕ್ಕಿ ಉಸಿರು ಕಟ್ಟಿದ್ದರೆ ಬಾಯಿ ತೆರೆದು ನೋಡಿ. ವಸ್ತು ಕಣ್ಣಿಗೆ ಕಂಡು ಕೈಗೆ ಸಿಗುವಂತಿದ್ದರೆ ಮಾತ್ರ ತೆಗೆಯಿರಿ. ಕಾಣದಿದ್ದಾಗ ಬೆರಳು ತೂರಿಸಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ದೊಡ್ಡ ನಾಯಿಯಾದರೆ ಹಿಂದಿನಿಂದ ಹೊಟ್ಟೆಯನ್ನು ಬಳಸಿ ಹಿಡಿದು, ಪಕ್ಕೆಲುಬು ಮುಗಿಯುವ ಜಾಗದಲ್ಲಿ ಮುಷ್ಟಿಯಿಟ್ಟು ಒಳಕ್ಕೆ ಮತ್ತು ಮುಂದಕ್ಕೆ ಜೋರಾಗಿ ಒತ್ತಿ. ವಸ್ತು ಹೊರಬಂದರೂ ವೈದ್ಯರಿಗೆ ತೋರಿಸಿ.

ಇವತ್ತೇ ಮಾಡಿಡಬೇಕಾದ ಕೆಲಸ

ಇಂಟರ್ನೆಟ್‌ನಲ್ಲಿ ಹುಡುಕಿದರೆ ಸಿಗುವ ಪ್ರಾಣಿ ವಿಷ ಸಹಾಯವಾಣಿಗಳಲ್ಲಿ ಹೆಚ್ಚಿನವು ಅಮೆರಿಕದವು. ಹಲವು ರಾಜ್ಯಗಳಲ್ಲಿರುವ 1962 ಸಂಚಾರಿ ಪಶುಚಿಕಿತ್ಸಾ ಸೇವೆ ಮುಖ್ಯವಾಗಿ ಜಾನುವಾರುಗಳಿಗೆ. ಹಾಗಾಗಿ ನಿಮ್ಮ ಪಶುವೈದ್ಯರ ಸಂಖ್ಯೆಯ ಜೊತೆಗೆ, ರಾತ್ರಿ ಮತ್ತು ಭಾನುವಾರ ತೆರೆದಿರುವ ಒಂದು ಆಸ್ಪತ್ರೆಯ ಸಂಖ್ಯೆಯನ್ನೂ ಫೋನ್‌ನಲ್ಲಿ ಉಳಿಸಿಕೊಳ್ಳಿ. ಮುಂಬೈನ ಪರೇಲ್‌ನಲ್ಲಿರುವ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆ, ಚೆನ್ನೈನ ವೇಪೇರಿಯಲ್ಲಿರುವ ಮದ್ರಾಸ್ ಪಶುವೈದ್ಯಕೀಯ ಕಾಲೇಜು, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಸಾಕುಪ್ರಾಣಿಗಳಿಗೆ ಚಿಕಿತ್ಸೆ ಸಿಗುತ್ತದೆ. ಯಾವ ಹೊತ್ತಿನಲ್ಲಿ ತುರ್ತು ಸೇವೆ ಇರುತ್ತದೆ ಎಂಬುದನ್ನು ಮೊದಲೇ ಕರೆ ಮಾಡಿ ಕೇಳಿಟ್ಟುಕೊಳ್ಳಿ.

ನಾಯಿಯ ಈಗಿನ ತೂಕವನ್ನು ಫ್ರಿಜ್ ಬಾಗಿಲ ಮೇಲೆ ಬರೆದು ಅಂಟಿಸಿ. ಮನೆಯಲ್ಲಿ ಅಜ್ಜ–ಅಜ್ಜಿಯೋ ಕೆಲಸದವರೋ ಮಾತ್ರ ಇದ್ದಾಗಲೂ ಅದು ಉಪಯೋಗಕ್ಕೆ ಬರುತ್ತದೆ. ಇಲಿಗೆ ಪಾಷಾಣ ಇಡುವ ಬದಲು ಬೋನು ಬಳಸಿ. ಅಪಾರ್ಟ್‌ಮೆಂಟ್‌ನಲ್ಲಿ ಪಾಷಾಣ ಇಡಿಸಿದ್ದರೆ ಯಾವ ಜಾಗದಲ್ಲಿ, ಯಾವ ಹೆಸರಿನದು ಎಂದು ಸೊಸೈಟಿಯವರನ್ನು ಕೇಳಿ ತಿಳಿದುಕೊಳ್ಳಿ.

ವೈದ್ಯರು ನೋಡಿ "ಏನೂ ಆಗಿಲ್ಲ" ಎಂದು ಕಳುಹಿಸಿದರೆ ನಷ್ಟವಾಗುವುದು ಒಂದು ಆಟೊ ಖರ್ಚು ಮತ್ತು ಒಂದು ಸಂಜೆ. ಪಾಷಾಣ ನಿಜಕ್ಕೂ ಹೊಟ್ಟೆಯಲ್ಲಿದ್ದರೆ ಅದೇ ಸಂಜೆ ನಾಯಿಯ ಜೀವ ಉಳಿಸುತ್ತದೆ.