ಬಂದೂಕಿನವರ ಎಡಗಿವಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ಎಪ್ಪತ್ತು ದಾಟಿದ ಹಳೆಯ ಶಿಕಾರಿದಾರರು ಈಗಲೂ ಅಲ್ಲಲ್ಲಿ ಸಿಗುತ್ತಾರೆ. ಹರೆಯದಲ್ಲಿ ಕೇಪಿನ ಬಂದೂಕು ಹೆಗಲಿಗೇರಿಸಿ ಮೊಲ, ಕೌಜುಗ, ಬುರ್ಲಿಗಳ ಹಿಂದೆ ಅಲೆದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಸಣ್ಣ ಬೇಟೆಗೆಂದೇ ಒಂದು ಅನುಸೂಚಿ, ಒಂದು ಲೈಸೆನ್ಸು ಇದ್ದವು. 1991ರ ತಿದ್ದುಪಡಿ ಆ ಲೈಸೆನ್ಸನ್ನೇ ತೆಗೆದುಹಾಕಿತು. ಆಗಬೇಕಾದದ್ದೇ ಆಯಿತು. ಆದರೆ ಬಂದೂಕು ಬೆಳೆ ರಕ್ಷಣೆಯ ಹೆಸರಿನಲ್ಲಿ ಕೆಲವು ಮನೆಗಳಲ್ಲಿ ಉಳಿದಿದೆ. ಚುನಾವಣೆ ಬಂದರೆ ಪೊಲೀಸ್ ಠಾಣೆ ಸೇರುತ್ತದೆ, ಗೋವಿನಜೋಳ ತೆನೆಗಟ್ಟಿದರೆ ಹಂದಿ ಬೆದರಿಸಲು ಹೊಲಕ್ಕೆ ಹೋಗುತ್ತದೆ.

ಇಂಥ ಹಿರಿಯರ ಎಡಗಡೆ ಕುಳಿತು ಮಾತಾಡಿ ನೋಡಿ. ಅನೇಕರು ಮುಖ ತಿರುಗಿಸಿ ಬಲಗಿವಿಯನ್ನು ನಿಮ್ಮತ್ತ ಹಿಡಿಯುತ್ತಾರೆ. ವಯಸ್ಸಿನ ಕಿವುಡು ಸಾಮಾನ್ಯವಾಗಿ ಎರಡೂ ಕಿವಿಗೆ ಸಮನಾಗಿ ಬರುತ್ತದೆ. ಎಡಗಿವಿಯೇ ಹೆಚ್ಚು ಮಂದವಾಗಿದ್ದರೆ ಅದಕ್ಕೆ ಬಂದೂಕು ಕಾರಣವಿರಬಹುದು. ಬಲಗೈಯವರು ಹಿಡಿಕೆಯನ್ನು ಬಲಭುಜಕ್ಕೊತ್ತಿ, ಕೆನ್ನೆಯನ್ನು ಅದಕ್ಕೆ ಆನಿಸಿ ಗುರಿ ಹಿಡಿಯುತ್ತಾರೆ. ಆಗ ಬಲಗಿವಿ ತಲೆಯ ಮರೆಗೆ ಸರಿಯುತ್ತದೆ, ಎಡಗಿವಿ ನಳಿಗೆಯ ಬಾಯಿಗೆ ಎದುರಾಗುತ್ತದೆ.

ನಳಿಗೆಯೊಳಗೆ ನಡೆಯುವುದಿಷ್ಟು. ಮೊದಲು ಕರಿಮದ್ದು, ಅದರ ಮೇಲೆ ಬಟ್ಟೆಯದೋ ನಾರಿನದೋ ಬಿರಟೆ, ಆಮೇಲೆ ಸೀಸದ ಚರೆ, ಮತ್ತೊಂದು ಬಿರಟೆ, ಎಲ್ಲವನ್ನೂ ಸಲಾಕೆಯಿಂದ ಜಡಿಯಬೇಕು. ಕರಿಮದ್ದಿನಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಕುದುರೆ ಎಳೆದಾಗ ಕೇಪು ಸಿಡಿದು ಮದ್ದಿಗೆ ಕಿಡಿ ತಾಗುತ್ತದೆ, ಬಿಸಿ ಅನಿಲ ಒಮ್ಮೆಲೇ ಹಿಗ್ಗಿ ಚರೆಯನ್ನು ತಳ್ಳುತ್ತದೆ. ಚರೆಯ ಬೆನ್ನಿಗೇ ಆ ಅನಿಲವೂ ಹೊರನುಗ್ಗಿ ಗಾಳಿಗೆ ಗುದ್ದುತ್ತದೆ. ನಮಗೆ ಕೇಳುವ ಢಮ್ ಎಂಬುದು ಆ ಗುದ್ದು. ಒಂದೇ ಸದ್ದು ಕಿವಿ ಕೆಡಿಸಲು 140 ಡೆಸಿಬೆಲ್ ಸಾಕು. ಬಂದೂಕಿನ ಸದ್ದು ಅದನ್ನು ಮೀರುತ್ತದೆ.

ಜೋರು ಸದ್ದಿಗೆ ಕಿವಿಯೊಳಗಿನ ಪುಟ್ಟ ಸ್ನಾಯುವೊಂದು ಬಿಗಿದು ಒಳಗಿವಿಯನ್ನು ಕಾಯುತ್ತದೆ. ಆದರೆ ಅದು ಬಿಗಿಯಲು ಹತ್ತಾರು ಮಿಲಿಸೆಕೆಂಡು ಬೇಕು, ಗುಂಡಿನ ಹೊಡೆತ ಅಷ್ಟರೊಳಗೆ ಮುಗಿದಿರುತ್ತದೆ. ಪೆಟ್ಟು ಬೀಳುವುದು ಒಳಗಿವಿಯ ರೋಮಕೋಶಗಳಿಗೆ. ಒಂದೊಂದು ಕಿವಿಯಲ್ಲಿ ಇವು ಸುಮಾರು 15,000 ಇವೆ, ಹುಟ್ಟಿನಿಂದ ಬಂದಷ್ಟೇ. ಮೊದಲು ಸಾಯುವುದು ಸೆಕೆಂಡಿಗೆ 4,000 ಕಂಪನದ ಆಸುಪಾಸಿನ ಸದ್ದನ್ನು ಹಿಡಿಯುವ ಕೋಶಗಳು. ಜೀರುಂಡೆಯ ದನಿ ಇರುವುದೂ ಹೆಚ್ಚು ಕಡಿಮೆ ಅಲ್ಲೇ. ಸ, ಶ, ಚ ಅಕ್ಷರಗಳ ಸೀಟಿಯಂಥ ಭಾಗವೂ ಆ ಎತ್ತರದಲ್ಲೇ ಇದೆ. ಸ್ವರಗಳು ತಗ್ಗಿನವು, ಅವು ಉಳಿಯುತ್ತವೆ. ಅದಕ್ಕೇ ಮುದುಕರು ಹೇಳುವುದು: ‘ದನಿ ಕೇಳ್ತೈತಿ, ಮಾತು ತಿಳಿಯಂಗಿಲ್ಲ.’ ಮನೆಯವರು ಇದನ್ನು ಅಲಕ್ಷ್ಯ ಎಂದುಕೊಂಡು ರೇಗುತ್ತಾರೆ. ಅದು ಅನ್ಯಾಯ.

ಹಕ್ಕಿಗಳ ಕತೆಯೇ ಬೇರೆ. ಸದ್ದಿಗೆ ಸತ್ತ ರೋಮಕೋಶಗಳು ಕೋಳಿಯಲ್ಲೂ ಜಪಾನಿ ಬುರ್ಲಿಯಲ್ಲೂ ಮತ್ತೆ ಹುಟ್ಟುತ್ತವೆ ಎಂದು 1988ರಲ್ಲಿ ಅಮೆರಿಕದ ಎರಡು ತಂಡಗಳು ತೋರಿಸಿದವು. ಬೇಟೆಯಲ್ಲಿ ಗುರಿ ತಪ್ಪಿಸಿಕೊಂಡ ಬುರ್ಲಿಗೆ ಇಂಥ ರಿಪೇರಿ ಸಾಧ್ಯ, ಗುಂಡು ಹಾರಿಸಿದ ಮನುಷ್ಯನಿಗೆ ಇಲ್ಲ. ನಮ್ಮಲ್ಲೂ ಆ ಕೋಶ ಚಿಗುರಿಸಬಹುದೇ ಎಂದು ಅಂದಿನಿಂದ ಹುಡುಕಾಟ ನಡೆದಿದೆ. ಔಷಧ ಇನ್ನೂ ಕೈಗೆ ಬಂದಿಲ್ಲ.

ಬಂದೂಕಿನ ಈ ಪೆಟ್ಟಿಗೆ ಮುಪ್ಪು ತನ್ನ ಪಾಲನ್ನೂ ಸೇರಿಸುತ್ತದೆ. ಹರೆಯದಲ್ಲಿ ಕಳೆದದ್ದು ಆಗ ಗೊತ್ತಾಗುವುದಿಲ್ಲ, ಅರವತ್ತರ ನಂತರ ಎರಡೂ ಕೂಡಿ ಒಮ್ಮೆಲೇ ಎದುರಾಗುತ್ತವೆ. ಅದಕ್ಕೇ ಇಂದು ಹೊಲ ಕಾಯುವ ಹುಡುಗರಿಗೂ ಈ ಮಾತು ಸಲ್ಲುತ್ತದೆ. ಹಂದಿ, ಮಂಗಗಳನ್ನು ಓಡಿಸಲು ಪೈಪಿನಲ್ಲಿ ಕಾರ್ಬೈಡ್ ಹಾಕಿ ಸಿಡಿಸುವುದೂ ಕಿವಿಗೆ ಇದೇ ಬಗೆಯ ಹೊಡೆತ.

ಕಿವಿಯಲ್ಲಿ ಸರಿಯಾಗಿ ಕೂರಿಸಿದ ಫೋಮಿನ ಬಿರಟೆ 20 ರಿಂದ 30 ಡೆಸಿಬೆಲ್ ತಗ್ಗಿಸುತ್ತದೆ, ಬರೀ ಹತ್ತಿಗೆ ಅಷ್ಟು ಶಕ್ತಿಯಿಲ್ಲ. ಬೆಲೆ ಕೆಲವೇ ರೂಪಾಯಿ. ಹೊಲಕ್ಕೆ ಹೋಗುವವರು ಅದನ್ನು ಜೇಬಿನಲ್ಲಿಟ್ಟುಕೊಳ್ಳಿ, ಮಕ್ಕಳನ್ನು ಸದ್ದಿನಿಂದ ದೂರವಿಡಿ. ಮನೆಯಲ್ಲಿ ಹಳೆಯ ಬಂದೂಕಿನವರಿದ್ದರೆ ಹಾವೇರಿಯಲ್ಲೋ ಹುಬ್ಬಳ್ಳಿಯಲ್ಲೋ ಕಿವಿ ಪರೀಕ್ಷೆ ಮಾಡಿಸಿ, ಬೇಕೆಂದರೆ ಶ್ರವಣ ಸಾಧನ ಕೊಡಿಸಿ. ಅಲ್ಲಿಯವರೆಗೆ ಅವರ ಬಲಗಡೆ ಕುಳಿತು, ಕೂಗದೆ, ನಿಧಾನವಾಗಿ ಮಾತಾಡಿ.