ಪತಿಗೆ ಪ್ರಾಸ್ಟೇಟ್ ಕ್ಯಾನ್ಸರ್: ಮನೆಯವರು ಗಮನಿಸಬೇಕಾದುದು, ಧರ್ಮಕೇಂದ್ರ ಮಾಡಬಹುದಾದುದು

ಪ್ರಾಸ್ಟೇಟ್ ಕ್ಯಾನ್ಸರ್ ಗಂಡಸರಿಗೆ ಬರುವ ಕಾಯಿಲೆ. ಆದರೆ ಅದರ ಹೊರೆಯ ದೊಡ್ಡ ಪಾಲನ್ನು ಹೊರುವವರು ಮನೆಯ ಹೆಂಗಸರು. ಮೂತ್ರದ ತೊಂದರೆಯನ್ನು ಹೇಳಿಕೊಳ್ಳಲು ನಮ್ಮ ಹಿರಿಯರಿಗೆ ನಾಚಿಕೆ. ಸೊಂಟನೋವು ಬಂದರೆ ‘ಪ್ರಾಯ ಆಯಿತಲ್ಲ’ ಎಂದು ಸುಮ್ಮನಾಗುತ್ತಾರೆ. ಹೀಗಾಗಿ ಅನೇಕರಿಗೆ ಕಾಯಿಲೆ ಗೊತ್ತಾಗುವಾಗ ಅದು ಮೂಳೆಗೆ ಹರಡಿರುತ್ತದೆ.

ವೈದ್ಯರು ‘ಮುಂದುವರಿದ ಹಂತ’ ಎಂದಾಕ್ಷಣ ಎಲ್ಲ ಮುಗಿಯಿತೆಂದು ಮನೆಯವರು ಕೈಚೆಲ್ಲುವುದುಂಟು. ಅದು ಸರಿಯಲ್ಲ. ಈ ಹಂತದಲ್ಲಿ ಪೂರ್ತಿ ಗುಣವಾಗದಿದ್ದರೂ ಕಾಯಿಲೆಯನ್ನು ಹತೋಟಿಯಲ್ಲಿಡಬಹುದು. ಚಿಕಿತ್ಸೆಯೊಂದಿಗೆ ವರ್ಷಗಟ್ಟಲೆ ಬಾಳುವವರು ಅನೇಕರಿದ್ದಾರೆ. ವೈದ್ಯರು ರೋಗಿಯನ್ನು ನೋಡುವುದು ಕೆಲವು ನಿಮಿಷ ಮಾತ್ರ. ಹಗಲಿರುಳು ನೋಡುವವರು ಪತ್ನಿ. ಪತಿ ಬಾಯಿಬಿಟ್ಟು ಹೇಳದಿರುವುದನ್ನು ಪತ್ನಿ ಗಮನಿಸಿ ವೈದ್ಯರಿಗೆ ತಿಳಿಸಿದರೆ ಎಷ್ಟೋ ನೋವನ್ನು ತಪ್ಪಿಸಬಹುದು.

ಚಿಕಿತ್ಸೆ ಹೇಗೆ ಕೆಲಸ ಮಾಡುತ್ತದೆ?

ಪ್ರಾಸ್ಟೇಟ್ ಎಂಬುದು ಮೂತ್ರಕೋಶದ ಕೆಳಗೆ, ಮೂತ್ರನಾಳದ ಸುತ್ತ ಇರುವ ಚಿಕ್ಕ ಗ್ರಂಥಿ. ಇದರ ಕ್ಯಾನ್ಸರ್ ಬೆಳೆಯಲು ಟೆಸ್ಟೋಸ್ಟಿರೋನ್ ಎಂಬ ಗಂಡು ಹಾರ್ಮೋನ್ ಬೇಕು. ಆ ಹಾರ್ಮೋನನ್ನು ತಗ್ಗಿಸಿದರೆ ಕ್ಯಾನ್ಸರ್ ಕುಗ್ಗುತ್ತದೆ ಎಂದು 1941ರಲ್ಲಿ ಅಮೆರಿಕದಲ್ಲಿ ತೋರಿಸಿಕೊಟ್ಟ ಡಾ. ಚಾರ್ಲ್ಸ್ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಇಂದಿಗೂ ಚಿಕಿತ್ಸೆಯ ಅಡಿಪಾಯ ಇದುವೇ. ನಿಗದಿತ ಅವಧಿಗೊಮ್ಮೆ ಇಂಜೆಕ್ಷನ್ ಕೊಡುತ್ತಾರೆ, ಇಲ್ಲವೇ ಶಸ್ತ್ರಚಿಕಿತ್ಸೆಯಿಂದ ವೃಷಣಗಳನ್ನು ತೆಗೆಯುತ್ತಾರೆ. ಇದರೊಂದಿಗೆ ಅಬಿರಟೆರಾನ್, ಎಂಜಾಲುಟಮೈಡ್‌ನಂತಹ ಮಾತ್ರೆಗಳನ್ನು ಅಥವಾ ಡೋಸಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿಯನ್ನು ಸೇರಿಸುವುದುಂಟು.

ಮಾತ್ರೆ ಕೊಡುವ ಸಮಯವೂ ಮುಖ್ಯ. ಅಬಿರಟೆರಾನನ್ನು ಸಾಮಾನ್ಯವಾಗಿ ಬರಿಹೊಟ್ಟೆಯಲ್ಲಿ ಕೊಡಬೇಕು. ಊಟದೊಂದಿಗೆ ಕೊಟ್ಟರೆ ಔಷಧಿ ಅತಿಯಾಗಿ ರಕ್ತಕ್ಕೆ ಸೇರುತ್ತದೆ. ಅದರ ಜೊತೆ ಬರೆದುಕೊಡುವ ಸ್ಟೀರಾಯ್ಡ್ ಮಾತ್ರೆಯನ್ನಾದರೋ ಆಹಾರದ ನಂತರ ಕೊಡಬೇಕು. ಎರಡನ್ನೂ ಒಟ್ಟಿಗೆ ನುಂಗಿಸದೆ ವೈದ್ಯರು ಹೇಳಿದ ಹೊತ್ತನ್ನು ಬರೆದಿಟ್ಟುಕೊಳ್ಳಿ. ನಾಟಿ ಔಷಧಿ ಕೊಡುತ್ತಿದ್ದರೆ ಅದನ್ನೂ ವೈದ್ಯರಿಂದ ಮುಚ್ಚಿಡಬಾರದು.

ಪತಿಯ ಸ್ವಭಾವ ಬದಲಾದಾಗ

ಹಾರ್ಮೋನ್ ತಗ್ಗಿದಾಗ ದೇಹ ಮತ್ತು ಮನಸ್ಸು ಎರಡೂ ಬದಲಾಗುತ್ತವೆ. ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವುದು, ಆಯಾಸ, ಸ್ನಾಯುಗಳು ಸೊರಗುವುದು, ಹೊಟ್ಟೆ ಬೆಳೆಯುವುದು, ಎದೆಭಾಗ ಊದುವುದು, ಬೇಗ ಸಿಟ್ಟು ಅಥವಾ ಅಳು ಬರುವುದು ಸಾಮಾನ್ಯ. ದಾಂಪತ್ಯದ ಆಸೆಯೂ ಶಕ್ತಿಯೂ ಇಲ್ಲವಾಗುತ್ತವೆ. ಇದನ್ನು ಮೊದಲೇ ತಿಳಿಯದ ಪತ್ನಿ ‘ಇವರಿಗೆ ನಾನು ಬೇಡವಾದೆ’ ಎಂದು ನೊಂದುಕೊಳ್ಳುತ್ತಾರೆ. ತಾನು ಗಂಡಸೇ ಅಲ್ಲವೆಂದು ಪತಿ ದೂರ ಸರಿಯುತ್ತಾರೆ. ಇದಕ್ಕೆ ಕಾರಣ ಔಷಧಿಯೇ ಹೊರತು ಪ್ರೀತಿಯ ಕೊರತೆಯಲ್ಲ ಎಂದು ಇಬ್ಬರೂ ಅರಿತರೆ ಅರ್ಧ ಭಾರ ಇಳಿಯುತ್ತದೆ. ಕೈಹಿಡಿದು ಕುಳಿತುಕೊಳ್ಳುವುದು, ಬೆನ್ನಿಗೆ ಎಣ್ಣೆ ಸವರುವುದು, ಸಂಜೆ ಜೊತೆಯಾಗಿ ಅಂಗಳದಲ್ಲಿ ನಡೆಯುವುದು ಸಣ್ಣ ಸಂಗತಿಗಳಲ್ಲ. ವೈದ್ಯರು ಒಪ್ಪಿದರೆ ದಿನನಿತ್ಯದ ನಡಿಗೆ ಆಯಾಸವನ್ನೂ ತಗ್ಗಿಸುತ್ತದೆ. ಮಂಕುತನ ವಾರಗಟ್ಟಲೆ ಮುಂದುವರಿದರೆ ಅದಕ್ಕೂ ಚಿಕಿತ್ಸೆಯಿದೆ.

ನೋವನ್ನು ನುಂಗಿಕೊಳ್ಳಬೇಕಾಗಿಲ್ಲ

ಮೂಳೆಯ ನೋವು ರಾತ್ರಿ ಹೊತ್ತು ಕಾಡುವುದು ಹೆಚ್ಚು. ಕೇಳಿದರೆ ‘ಏನಿಲ್ಲ’ ಎನ್ನುವವರೇ ಬಹಳ. ಆದುದರಿಂದ ‘ನೋವಿದೆಯೇ?’ ಎನ್ನುವ ಬದಲು ‘ಹತ್ತರಲ್ಲಿ ಎಷ್ಟಿದೆ?’ ಎಂದು ಕೇಳಿ, ದಿನಾಂಕದೊಂದಿಗೆ ಒಂದು ಪುಸ್ತಕದಲ್ಲಿ ಬರೆಯಿರಿ. ವೈದ್ಯರಿಗೆ ಆ ಪುಸ್ತಕ ತೋರಿಸಿ. ಮೆಡಿಕಲ್ ಶಾಪ್‌ನಿಂದ ನೀವಾಗಿಯೇ ನೋವಿನ ಮಾತ್ರೆ ತಂದು ದಿನಾ ಕೊಡಬೇಡಿ. ಕೆಲವು ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ.

ಒಂದೇ ಕಡೆ ಕಾಡುವ ಮೂಳೆ ನೋವಿಗೆ ಎಷ್ಟೋ ಸಲ ಒಂದೇ ದಿನದ ರೇಡಿಯೇಶನ್ ಸಾಕಾಗುತ್ತದೆ. ತೀವ್ರ ನೋವಿಗೆ ಮಾರ್ಫಿನ್ ಇದೆ. ‘ಮಾರ್ಫಿನ್ ಎಂದರೆ ಕೊನೆಗಾಲ’, ‘ಚಟ ಹಿಡಿಯುತ್ತದೆ’ ಎಂಬ ಭಯ ನಮ್ಮಲ್ಲಿ ಬಲವಾಗಿದೆ. ವೈದ್ಯರ ನಿಗಾದಲ್ಲಿ ಕ್ಯಾನ್ಸರ್ ನೋವಿಗೆ ತೆಗೆದುಕೊಳ್ಳುವವರಲ್ಲಿ ಚಟ ಹಿಡಿಯುವುದು ಅಪರೂಪ. ಮಲಬದ್ಧತೆ ಮಾತ್ರ ಖಂಡಿತ ಬರುತ್ತದೆ. ಅದಕ್ಕೆ ಮೊದಲ ದಿನದಿಂದಲೇ ಔಷಧಿ ಕೇಳಿ ಪಡೆಯಿರಿ. ರೋಗಿಗಳಿಗೆ ಮಾರ್ಫಿನ್ ಸುಲಭವಾಗಿ ಸಿಗಲೆಂದೇ 1985ರ ಮಾದಕ ದ್ರವ್ಯ ಕಾನೂನಿಗೆ 2014ರಲ್ಲಿ ತಿದ್ದುಪಡಿ ತರಲಾಯಿತು.

ನೋವನ್ನು ಶಿಲುಬೆಯೆಂದು ಸಹಿಸಬೇಕು, ಮದ್ದು ಬೇಡ ಎನ್ನುವ ಭಕ್ತರೂ ನಮ್ಮಲ್ಲಿದ್ದಾರೆ. ಆದರೆ ನೋವು ನಿವಾರಕಗಳನ್ನು ಬಳಸುವುದು ಧರ್ಮಸಮ್ಮತವೆಂದು ಪೋಪ್ ಹನ್ನೆರಡನೆಯ ಪಿಯುಸ್ 1957ರಲ್ಲಿಯೇ ಸ್ಪಷ್ಟಪಡಿಸಿದ್ದಾರೆ. ರೋಗಿಗಳ ಅಭ್ಯಂಗವೂ ಕೊನೆಯುಸಿರಿನ ಸಂಸ್ಕಾರ ಮಾತ್ರವಲ್ಲ. ಗಂಭೀರ ಕಾಯಿಲೆ ಆರಂಭವಾದಾಗಲೇ ಧರ್ಮಗುರುಗಳನ್ನು ಕರೆಯಬಹುದು.

ತಡಮಾಡಬಾರದ ಲಕ್ಷಣಗಳು

ಬೆನ್ನಿನಲ್ಲಿ ಹೊಸದಾಗಿ ತೀವ್ರ ನೋವು, ಕೆಮ್ಮಿದಾಗ ಅಥವಾ ಮಲಗಿದಾಗ ಹೆಚ್ಚುವ ನೋವು, ಕಾಲಿನಲ್ಲಿ ಬಲ ಕಡಿಮೆಯಾಗುವುದು ಅಥವಾ ಜೋಮು, ಮೂತ್ರ ಕಟ್ಟಿಕೊಳ್ಳುವುದು, ಮಲಮೂತ್ರದ ಹಿಡಿತ ತಪ್ಪುವುದು – ಇವು ಕ್ಯಾನ್ಸರ್ ಬೆನ್ನುಹುರಿಯನ್ನು ಒತ್ತುತ್ತಿರುವುದರ ಗುರುತಾಗಿರಬಹುದು. ಎಣ್ಣೆ ತಿಕ್ಕಿ ಬೆಳಗಿನವರೆಗೆ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ದು ‘ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇದೆ’ ಎಂದು ಮೊದಲೇ ಹೇಳಿ. ತಡವಾದರೆ ಕಾಲುಗಳ ಶಕ್ತಿ ಮರಳಿ ಬಾರದೆ ಹೋಗಬಹುದು. ಕೀಮೋ ನಡೆಯುವಾಗ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ ಬಂದರೂ ಅದು ತುರ್ತು. ಮೂಳೆ ಬಲಪಡಿಸುವ ಇಂಜೆಕ್ಷನ್ ಆರಂಭಿಸುವ ಮೊದಲು ಹಲ್ಲಿನ ತಪಾಸಣೆ ಮಾಡಿಸಿ. ಆಮೇಲೆ ಹಲ್ಲು ಕೀಳಿಸುವುದು ದವಡೆಗೆ ಅಪಾಯ ತರಬಹುದು.

ಆರೈಕೆ ಮಾಡುವವರಿಗೂ ಆರೈಕೆ ಬೇಕು

ಹಗಲು ಅಡುಗೆ, ಆಸ್ಪತ್ರೆ, ರಾತ್ರಿ ನಿದ್ದೆಯಿಲ್ಲ. ಮಕ್ಕಳು ಗಲ್ಫ್‌ನಲ್ಲೋ ಮುಂಬಯಿಯಲ್ಲೋ ಇದ್ದರೆ ಪತ್ನಿ ಒಂಟಿ. ತನ್ನ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಯನ್ನೇ ಅವರು ಮರೆಯುತ್ತಾರೆ. ‘ಏನಾದರೂ ಬೇಕಾದರೆ ಹೇಳಿ’ ಎಂದರೆ ಯಾರೂ ಹೇಳುವುದಿಲ್ಲ. ಆದುದರಿಂದ ವಾಳೆಯ ಗುರ್ಕಾರರು, ಸ್ತ್ರೀ ಸಂಘಟನೆಯವರು, ಸಂತ ವಿನ್ಸೆಂಟ್ ಪಾವ್ಲ್ ಸಭೆಯವರು ತಾವಾಗಿಯೇ ದಿನ ಗೊತ್ತುಮಾಡಿಕೊಳ್ಳಲಿ. ವಾರಕ್ಕೊಂದು ಮಧ್ಯಾಹ್ನ ಒಬ್ಬರು ರೋಗಿಯ ಬಳಿ ಕುಳಿತರೆ ಪತ್ನಿ ಪೂಜೆಗೆ ಹೋಗಬಹುದು, ಇಲ್ಲವೇ ನಿದ್ದೆ ಮಾಡಬಹುದು. ಒಬ್ಬರು ಆಸ್ಪತ್ರೆಗೆ ವಾಹನ ಒದಗಿಸಲಿ. ರೋಗಿಯ ಸ್ನೇಹಿತರು ಬಂದು ಮೀನು, ತೋಟ, ಮಳೆಯ ಮಾತಾಡಲಿ. ಕಾಯಿಲೆಯ ಮಾತು ಪ್ರತಿಸಲ ಬೇಕಿಲ್ಲ.

ಖರ್ಚಿನ ವಿಷಯದಲ್ಲೂ ನೆರವಾಗಬಹುದು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ರೇಷನ್ ಕಾರ್ಡ್, ಆಧಾರ್ ಸರಿಪಡಿಸಿ ಕೊಡುವುದೂ ಸೇವೆಯೇ. ಉಪಶಮನ ಚಿಕಿತ್ಸೆಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಪ್ರತ್ಯೇಕ ವಿಭಾಗವಿದೆ. ಇದು ಕೊನೆಯ ವಾರಗಳಿಗೆ ಮಾತ್ರ ಮೀಸಲಲ್ಲ. ಬೇರೆ ಚಿಕಿತ್ಸೆ ನಡೆಯುತ್ತಿರುವಾಗಲೇ ಪಡೆಯಬಹುದು.

ಇನ್ನೊಂದು ಮಾತು. ತಂದೆಗೆ ಈ ಕಾಯಿಲೆ ಇದ್ದರೆ ಗಂಡುಮಕ್ಕಳಿಗೂ ಅಪಾಯ ಹೆಚ್ಚು. ನಲವತ್ತೈದು ದಾಟಿದವರು ಪಿ.ಎಸ್.ಎ. ರಕ್ತಪರೀಕ್ಷೆಯ ಬಗ್ಗೆ ವೈದ್ಯರಲ್ಲಿ ಕೇಳಲಿ. ನಮ್ಮ ಧರ್ಮಕೇಂದ್ರಗಳಲ್ಲಿ ಮುಂದಿನ ಆರೋಗ್ಯ ಶಿಬಿರ ಏರ್ಪಡಿಸುವಾಗ ಈ ವಿಷಯವನ್ನೂ ಸೇರಿಸೋಣ. ಪತಿಪತ್ನಿಯರನ್ನು ಜೊತೆಯಾಗಿ ಕರೆಯೋಣ.